ನದಿಗೆ ವಿಷ ಬಿದ್ದಾಗ ಸೇನಾಪತಿ ಎಲ್ಲಿದ್ದ?

ಡೋಮಾ ಎಂಬ ಕೋಟೆಗೆ ಮುತ್ತಿಗೆ ಬಿದ್ದಿದೆ. ಹೊರಗೆ ಬೀಡುಬಿಟ್ಟಿರುವ ಚಕ್ರಾಧಿಪತ್ಯದ ಸೈನ್ಯಕ್ಕೆ ಲಿಯೋ ಎಂಬಾತ ಸೇನಾಪತಿ. ಈಗಲೇ ನುಗ್ಗೋಣ, ಪ್ರಾಣ ಹೋದರೂ ಚಿಂತೆಯಿಲ್ಲ ಎಂದು ಸಿಪಾಯಿಯೊಬ್ಬ ಹುರುಪಿನಿಂದ ಹೇಳಿದಾಗ ಲಿಯೋ ಅವನನ್ನು ತಡೆಯುತ್ತಾನೆ. ನೀನು ಮರಾಂಡಾದವನಲ್ಲವೇ, ನಿನ್ನ ಕತ್ತಿಯನ್ನು ಹೊತ್ತುಕೊಂಡು ಹೋಗಿ ನಿನ್ನ ಮನೆಯವರ ಮುಂದೆ ನಾನು ನಿಲ್ಲಬೇಕೇ ಎಂದು ಕೇಳುತ್ತಾನೆ. ಅಷ್ಟರಲ್ಲಿ ಚಕ್ರವರ್ತಿಯಿಂದ ಕರೆ ಬರುತ್ತದೆ, ಲಿಯೋ ಹೊರಡುತ್ತಾನೆ. ಅವನು ಅತ್ತ ಹೋದದ್ದೇ ತಡ, ಕೆಫ್ಕಾ ಎಂಬ ಇನ್ನೊಬ್ಬ ಅಧಿಕಾರಿ ಕೋಟೆಯ ನೀರಿನ ಆಸರೆಯಾದ ನದಿಗೆ ವಿಷ ಹಾಕಿಸುತ್ತಾನೆ. ಒಳಗೆ ಸೆರೆಸಿಕ್ಕ ನಮ್ಮವರೂ ಇದ್ದಾರೆ ಎಂದು ಸಿಪಾಯಿ ಹೇಳಿದರೂ ಕಿವಿಗೊಡುವುದಿಲ್ಲ. ಡೋಮಾದ ದೊರೆ ಸಾಯುತ್ತಾನೆ. ಕೋಟೆಯನ್ನು ಕಾಯುತ್ತಿದ್ದ ಸಯಾನ್ ಎಂಬ ಯೋಧ ತನ್ನ ಕೋಣೆಗೆ ಓಡಿ ನೋಡಿದರೆ ಹೆಂಡತಿಯೂ ಮಗನೂ ಶವವಾಗಿದ್ದಾರೆ.

ಜಪಾನಿನ ಸ್ಕ್ವೇರ್ ಕಂಪನಿ 1994ರಲ್ಲಿ ಹೊರತಂದ 'ಫೈನಲ್ ಫ್ಯಾಂಟಸಿ 6' ಎಂಬ ವಿಡಿಯೋ ಗೇಮಿನ ಪ್ರಸಂಗವಿದು. ಇದನ್ನು ಆಡಿದವರಿಗೆ ಕೆಫ್ಕಾನ ಮೇಲೆ ಎಷ್ಟು ಸಿಟ್ಟೋ ಲಿಯೋನ ಮೇಲೆ ಅಷ್ಟೇ ಅಕ್ಕರೆ. ಗೇಮ್ ಕಟ್ಟಿದವರಿಗೂ ಹಾಗೆಯೇ ಇದ್ದಿರಬೇಕು. ಮುಂದೆ ಥಮಾಸಾ ಎಂಬ ಹಳ್ಳಿಯಲ್ಲಿ ಕೆಫ್ಕಾ ಅವನನ್ನು ಮೋಸದಿಂದ ಕೊಲ್ಲುವ ಮುನ್ನ, ಒಂದು ಕಾಳಗದ ಮಟ್ಟಿಗೆ ಲಿಯೋನನ್ನು ಆಡಿಸುವ ಅವಕಾಶ ನಮಗೇ ಸಿಗುತ್ತದೆ. ಆದರೆ ಈ ಪಾತ್ರದ ಬೀಗದ ಕೈ ಇರುವುದು ಅದಕ್ಕೂ ಮೊದಲಿನ ಒಂದು ಚಿಕ್ಕ ಮಾತುಕತೆಯಲ್ಲಿ. ಟೆರಾ ಎಂಬ ಹುಡುಗಿಯ ತಲೆಗೆ ಚಕ್ರಾಧಿಪತ್ಯದವರು ಒಂದು ಕಿರೀಟ ತೊಡಿಸಿ, ಅವಳ ಬುದ್ಧಿಯನ್ನು ಕಟ್ಟಿಹಾಕಿ, ಅವಳನ್ನು ಆಯುಧದಂತೆ ಬಳಸಿಕೊಂಡಿದ್ದರು. ಲಿಯೋ ಅವಳ ಬಳಿ ಒಪ್ಪಿಕೊಳ್ಳುತ್ತಾನೆ: ನನಗದು ಗೊತ್ತಿತ್ತು, ಗೊತ್ತಿದ್ದೂ ನಾನು ಏನೂ ಮಾಡಲಿಲ್ಲ, ಹಾಗಾಗಿ ನಾನು ಕೆಫ್ಕಾಗಿಂತ ಮೇಲಲ್ಲ.

ಇದನ್ನು ಹೆಚ್ಚಿನವರು ಅವನ ವಿನಯವೆಂದು ತೆಗೆದುಕೊಳ್ಳುತ್ತಾರೆ. ನನಗೆ ಅದು ಅವನು ಹೇಳಿದ ಅತ್ಯಂತ ನಿಖರವಾದ ಮಾತು ಅನ್ನಿಸುತ್ತದೆ. ಲಿಯೋ ಡೋಮಾದಲ್ಲೇ ಉಳಿದಿದ್ದರೆ ನದಿಗೆ ವಿಷ ಬೀಳುತ್ತಿರಲಿಲ್ಲ, ನಿಜ. ಆದರೆ ಕೋಟೆ ಬೀಳುತ್ತಿತ್ತು, ಕತ್ತಿಯಿಂದ ಬೀಳುತ್ತಿತ್ತು, ಅಷ್ಟೇ. ಡೋಮಾದವರು ಚಕ್ರಾಧಿಪತ್ಯಕ್ಕೆ ಯಾವ ಕೇಡನ್ನೂ ಮಾಡಿದ್ದವರಲ್ಲ.

ಇಂಥ ಪಾತ್ರವನ್ನು ಮರ್ಯಾದಸ್ಥ ಎದುರಾಳಿ ಎಂದು ಕರೆಯೋಣ. ಅವನು ನಿಂತಿರುವುದು ನಮಗೆ ಎದುರು ಪಕ್ಷದಲ್ಲಿ. ಬೆನ್ನಿಗೆ ಇರಿಯುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಬಿದ್ದವನ ಮೇಲೆ ಕಾಲಿಡುವುದಿಲ್ಲ. ನಮ್ಮನ್ನು ಕೀಳಾಗಿ ಕಾಣುವುದಿಲ್ಲ. ನಮ್ಮ ಕೈಯಲ್ಲಿ ಸಾಯುವಾಗಲೂ ಒಂದು ಒಳ್ಳೆಯ ಮಾತು ಆಡಿಯೇ ಸಾಯುತ್ತಾನೆ. ಜಪಾನಿನ ಪಾತ್ರಾಭಿನಯದ ಗೇಮ್‌ಗಳಲ್ಲಿ ಇವನಿಲ್ಲದ ಸೈನ್ಯವೇ ಅಪರೂಪ. ಇವನ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಎರಡು: ಹೇಗೆ ಹೋರಾಡುತ್ತಾನೆ, ಯಾರಿಗಾಗಿ ಹೋರಾಡುತ್ತಾನೆ? ಮೊದಲನೆಯದಕ್ಕೆ ಅವನ ಉತ್ತರ ಎಷ್ಟು ಚೆನ್ನಾಗಿರುತ್ತದೆಂದರೆ ಎರಡನೆಯದನ್ನು ಕೇಳುವುದನ್ನೇ ನಾವು ಮರೆಯುತ್ತೇವೆ. ಅವನ ನೈತಿಕ ಗೊಂದಲವೆಲ್ಲ ಹುಟ್ಟುವುದು ಈ ಮರೆವಿನಲ್ಲಿ.

ಕನ್ನಡದ ಓದುಗರಿಗೆ ಈ ಮನುಷ್ಯ ಹೊಸಬನಲ್ಲ. ಕರ್ಣನನ್ನು ನಾವು ಸಾವಿರ ವರ್ಷಗಳಿಂದ ಹೊಗಳುತ್ತ ಬಂದಿದ್ದೇವೆ. ತಾಳಮದ್ದಳೆಯಲ್ಲಿ ಒಬ್ಬ ಒಳ್ಳೆಯ ಅರ್ಥಧಾರಿ ಕರ್ಣನ ಪರವಾಗಿ ಮಾತಿಗೆ ಕೂತರೆ, ಉಪ್ಪಿನ ಋಣದ ವಾದ ಕೇಳುತ್ತ ಕೇಳುತ್ತ ಸಭೆಯೇ ಕೌರವರ ಕಡೆಗೆ ವಾಲಿಬಿಡುತ್ತದೆ. ಆದರೆ ಬಾಣ ಬಿಡುವವನು ಅರ್ಜುನ, ಬಿಡು ಎನ್ನುವವನು ಕೃಷ್ಣ. ಕೇಳಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದು. ವಿಡಿಯೋ ಗೇಮಿನಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಬಾಣ ಇರುವುದು ನಿಮ್ಮ ಹೆಬ್ಬೆರಳಿನ ಕೆಳಗೆ, ಮತ್ತು ನೀವು ಅದನ್ನು ಬಿಡದಿದ್ದರೆ ಕಥೆ ಮುಂದೆ ಹೋಗುವುದಿಲ್ಲ.

ಗೇಮ್‌ಗಳಿಗೆ ಈ ಪಾತ್ರ ಇಷ್ಟು ಒಗ್ಗಿರುವುದಕ್ಕೆ ಇನ್ನೊಂದು ಕಾರಣವಿದೆ, ಅದು ಕಥೆಗಿಂತ ಆಟಕ್ಕೆ ಸೇರಿದ್ದು. ಆಟ ಎಂದರೇ ನಿಯಮ. ನಿಯಮಕ್ಕೆ ಬದ್ಧನಾದ ಎದುರಾಳಿಯಿದ್ದರೆ ಆಟ ಚೆನ್ನಾಗಿರುತ್ತದೆ. ಅವನ ಹೊಡೆತ ಎಲ್ಲಿಂದ ಬರುತ್ತದೆ ಎಂದು ಕಲಿಯಬಹುದು, ಸೋತರೆ ತಪ್ಪು ನಮ್ಮದೆಂದು ಒಪ್ಪಬಹುದು, ಗೆದ್ದರೆ ನಿಜವಾಗಿ ಗೆದ್ದೆವೆಂದು ಬೀಗಬಹುದು. ಗುಂಪು ಕಟ್ಟಿಕೊಂಡು ಬಂದು ವಿಷ ಎರಚುವವನನ್ನು ಸೋಲಿಸಿದಾಗ ಆಗುವುದು ಬರೀ ನೆಮ್ಮದಿ. ನೇರ ನಿಂತು ಕಾದುವವನನ್ನು ಸೋಲಿಸಿದಾಗ ಅವನ ಮೇಲೆ ಒಂದು ಬಗೆಯ ಕೃತಜ್ಞತೆ ಹುಟ್ಟುತ್ತದೆ. ಒಳ್ಳೆಯ ಕಾಳಗ ಕೊಟ್ಟಿದ್ದಕ್ಕೆ ಹುಟ್ಟಿದ ಆ ಕೃತಜ್ಞತೆಯನ್ನು ನಾವು ಅವನ ಒಳ್ಳೆಯತನದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

2011ರ 'ಡಾರ್ಕ್ ಸೋಲ್ಸ್' ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಅದರಲ್ಲಿ ಅಂತರ್ಜಾಲದ ಮೂಲಕ ಇನ್ನೊಬ್ಬ ಆಟಗಾರ ಕರೆಯದೇ ನಿಮ್ಮ ಲೋಕಕ್ಕೆ ನುಗ್ಗಿ ನಿಮ್ಮನ್ನು ಕೊಲ್ಲಬಹುದು. ನುಗ್ಗಿದವರಲ್ಲಿ ಹಲವರು ಕತ್ತಿ ಎತ್ತುವ ಮೊದಲು ಬಾಗಿ ವಂದಿಸುತ್ತಾರೆ. ಗೇಮ್ ಅದನ್ನು ಕೇಳುವುದಿಲ್ಲ. ಆಡುವವರು ತಾವೇ ಬೆಳೆಸಿಕೊಂಡ ರೂಢಿ ಅದು. ವಂದಿಸಿದವನ ಮೇಲೆ ನಮಗೆ ಗೌರವ ಬರುತ್ತದೆ, ನಾವೂ ಬಾಗುತ್ತೇವೆ. ಅವನು ನಮ್ಮ ಪಾಡಿಗೆ ನಾವಿದ್ದಾಗ ಕೊಲ್ಲಲು ಬಂದವನು ಎಂಬುದು ಆ ಹೊತ್ತಿಗೆ ಮರೆತೇ ಹೋಗಿರುತ್ತದೆ. 'ಸ್ಟ್ರೀಟ್ ಫೈಟರ್' ಸರಣಿಯ ಸಗಾತ್‌ನದು ಇದರ ತಿರುಗುಮುರುಗು. ಥಾಯ್ಲೆಂಡಿನ ಈ ಮಲ್ಲನ ಎದೆಯ ಮೇಲಿರುವ ದೊಡ್ಡ ಗಾಯದ ಗುರುತು ನಾಯಕ ರ್ಯೂ ಹೊಡೆದದ್ದು. ಮುಂದಿನ ಗೇಮ್‌ಗಳು ಹೇಳಿದ ಹಿನ್ನೆಲೆಯ ಪ್ರಕಾರ, ಕೆಳಗೆ ಬಿದ್ದ ರ್ಯೂವನ್ನು ಎಬ್ಬಿಸಲು ಸಗಾತ್ ಕೈಚಾಚಿದಾಗ, ಕೊಲ್ಲುವ ಹುಚ್ಚು ನೆತ್ತಿಗೇರಿದ ರ್ಯೂ ಅವನ ಎದೆ ಸೀಳಿದ. ಖಳನೆಂದು ಪರಿಚಯವಾದವನು ಮರ್ಯಾದೆ ತೋರಿದ್ದ, ನಾಯಕ ಅದನ್ನು ಮುರಿದಿದ್ದ.

ಈ ಮಾದರಿಗೆ ಆಟಗಾರರ ನಡುವೆ ಒಂದು ಹೆಸರೂ ಇದೆ: ಕಾಮ್ಯೂ. ನಿಂಟೆಂಡೊ 1990ರಲ್ಲಿ ಜಪಾನಿನಲ್ಲಿ ಹೊರತಂದ ಮೊದಲ 'ಫೈರ್ ಎಂಬ್ಲೆಮ್' ಗೇಮಿನ ಸೇನಾಪತಿ ಅವನು. ಗ್ರಸ್ಟ್ ಎಂಬ ರಾಜ್ಯದವನು, ಕಪ್ಪು ಕುದುರೆಸವಾರರ ದಳದ ನಾಯಕ. ಅವನ ದೊರೆ ಡೋಲ್ಹರ್ ಎಂಬ ದುಷ್ಟ ಸಾಮ್ರಾಜ್ಯದ ಜೊತೆ ಕೈಜೋಡಿಸಿದ್ದಾನೆ. ಡೋಲ್ಹರ್‌ನವರು ಆರ್ಕೇನಿಯಾದ ರಾಜವಂಶವನ್ನೇ ಮುಗಿಸಿದಾಗ ಉಳಿದ ಒಬ್ಬಳೇ ರಾಜಕುಮಾರಿ ನೀನಾಳನ್ನು ಕಾಮ್ಯೂ ಕಾಪಾಡುತ್ತಾನೆ. ಅವಳನ್ನು ಕೊಲ್ಲಲು ಒತ್ತಾಯ ಬಂದಾಗ ತಪ್ಪಿಸಿ ಕಳುಹಿಸುತ್ತಾನೆ. ಅವರಿಬ್ಬರಲ್ಲಿ ಪ್ರೀತಿ ಹುಟ್ಟಿದೆ. ನಾವು ಆಡಿಸುವ ರಾಜಕುಮಾರ ಮಾರ್ಥ್ ಹೋರಾಡುತ್ತಿರುವುದು ಇದೇ ನೀನಾಳ ಪರವಾಗಿ. ಇಷ್ಟೆಲ್ಲ ಇದ್ದೂ ಮಾರ್ಥ್‌ನ ಸೈನ್ಯ ಗ್ರಸ್ಟ್‌ಗೆ ಬಂದಾಗ ಕಾಮ್ಯೂ ಎದುರಿಗೆ ನಿಲ್ಲುತ್ತಾನೆ, ನಾವು ಅವನನ್ನು ಕೊಲ್ಲುತ್ತೇವೆ.

ಇಲ್ಲಿ ಆಟದ ಒಂದು ಒಳಮರ್ಮ ತಿಳಿದಿರಬೇಕು. ಫೈರ್ ಎಂಬ್ಲೆಮ್ ಚದುರಂಗದಂತೆ ಚೌಕಗಳ ಮೇಲೆ ಆಡುವ ಯುದ್ಧದ ಆಟ. ಕೆಲವು ಶತ್ರುಗಳ ಪಕ್ಕಕ್ಕೆ ಸರಿಯಾದ ಪಾತ್ರವನ್ನು ಕಳುಹಿಸಿ ಮಾತನಾಡಿಸಿದರೆ ಅವರು ನಮ್ಮ ಕಡೆ ಬರುತ್ತಾರೆ. ಕೇಡಾ ಎಂಬ ರಾಜಕುಮಾರಿಯ ಮಾತಿಗಂತೂ ನವಾರ್‌ನಂಥ ಬಾಡಿಗೆ ಕತ್ತಿವರಸೆಗಾರ ಕೂಡ ಕರಗುತ್ತಾನೆ. ಅರ್ಧ ಆಟ ಮುಗಿಯುವಷ್ಟರಲ್ಲಿ ನಮಗೊಂದು ಅಭ್ಯಾಸ ಕೂತಿರುತ್ತದೆ: ಎದುರು ಪಕ್ಷದಲ್ಲಿ ಒಳ್ಳೆಯ ಮುಖ ಕಂಡರೆ ಮೊದಲು ಮಾತನಾಡಿಸಿ ನೋಡು. ಕಾಮ್ಯೂನ ಮುಂದೆ ಆ ಅಭ್ಯಾಸ ಸೋಲುತ್ತದೆ. ಯಾರನ್ನು ಕಳುಹಿಸಿದರೂ ಅವನು ಬರುವುದಿಲ್ಲ. ಇನ್ನೂ ಕುತೂಹಲದ ಸಂಗತಿಯೆಂದರೆ ಅದೇ ಗ್ರಸ್ಟ್ ರಾಜ್ಯದ ಹಿರಿಯ ಸೇನಾಪತಿ ಲೊರೆಂಜ್ ಕೇಡಾಳ ಮಾತಿಗೆ ಒಪ್ಪಿ ಪಕ್ಷ ಬಿಡುತ್ತಾನೆ. ಅವನೂ ಅದೇ ದೊರೆಯ ಉಪ್ಪು ತಿಂದವನು. ತನ್ನ ದೇಶ ನಡೆದ ದಾರಿ ತಪ್ಪೆಂದು ಇಬ್ಬರಿಗೂ ಗೊತ್ತು. ಒಬ್ಬ ದಾಟುತ್ತಾನೆ, ಇನ್ನೊಬ್ಬ ಸಾಯುತ್ತಾನೆ.

ನೆನಪಿನಲ್ಲಿ ಉಳಿದವನು ಯಾರು? ಸತ್ತವನು. ಲೊರೆಂಜ್‌ನ ಹೆಸರಿನಲ್ಲಿ ಯಾವ ಮಾದರಿಯೂ ಹುಟ್ಟಲಿಲ್ಲ. ಇದು ನನಗೆ ಸ್ವಲ್ಪ ಅನ್ಯಾಯ ಅನ್ನಿಸುತ್ತದೆ. ತಪ್ಪನ್ನು ತಪ್ಪೆಂದು ಕಂಡು, ಇಳಿವಯಸ್ಸಿನಲ್ಲಿ ದ್ರೋಹಿಯೆಂಬ ಹೆಸರು ಹೊತ್ತು, ದೊರೆಯ ಬದಲು ದೇಶದ ಮಕ್ಕಳನ್ನು ನೆನೆದು ಈಚೆಗೆ ಬಂದವನು ಮಾಡಿದ್ದು ಕಷ್ಟದ ಕೆಲಸ. ಕಾಮ್ಯೂನ ಸಾವಿನಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ, ಅವನ ಹೆಸರಿಗೊಂದು ಹೊಳಪು ಬಂದದ್ದು ಬಿಟ್ಟರೆ. ಅವನ ಜೊತೆ ಸತ್ತ ಸವಾರರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ಹೊಳಪು ಸಾಕಷ್ಟು ದುಬಾರಿಯದು. (ಸತ್ತ ಪಾತ್ರ ಮರಳಿ ಬಾರದು ಎಂಬ ಕಟ್ಟುನಿಟ್ಟಿನ ನಿಯಮಕ್ಕೆ ಹೆಸರಾದ ಸರಣಿಯೇ ಇವನನ್ನು 1992ರಲ್ಲಿ ಜ಼ೀಕ್ ಎಂಬ ಹೆಸರಿನಲ್ಲಿ, 1994ರಲ್ಲಿ ಸಿರಿಯಸ್ ಎಂಬ ಹೆಸರಿನಲ್ಲಿ ಮರಳಿ ಕರೆತಂದಿತು. ಜನಪ್ರಿಯತೆಯ ಮುಂದೆ ನಿಯಮಗಳೂ ಬಾಗುತ್ತವೆ.)

ಸರಣಿಯ ಮುಂದಿನ ಗೇಮ್‌ಗಳು ಕಾಮ್ಯೂವನ್ನು ಬೇರೆ ಬೇರೆ ರೂಪದಲ್ಲಿ ತಂದವು. ಅವುಗಳಲ್ಲಿ ನನಗೆ ಹೆಚ್ಚು ಪ್ರಾಮಾಣಿಕನಾಗಿ ಕಾಣುವವನು 2012ರ 'ಅವೇಕನಿಂಗ್'ನ ಮುಸ್ತಫಾ. ಅವನ ದೊರೆ ಹುಚ್ಚ, ಯುದ್ಧ ಅನ್ಯಾಯದ್ದು, ಸೈನಿಕರಿಗೆ ಕಾದುವ ಮನಸ್ಸಿಲ್ಲ. ಹೋಗುವವರು ಹೋಗಿ, ನಾನು ಹೊಣೆ ಹೊರುತ್ತೇನೆ ಎಂದು ಅವನೇ ಹೇಳುತ್ತಾನೆ. ತಾನು ಮಾತ್ರ ನಿಲ್ಲುತ್ತಾನೆ, ಯಾಕೆಂದರೆ ಬಿಟ್ಟುಹೋದರೆ ದೊರೆ ಅವನ ಹೆಂಡತಿ ಮಗುವನ್ನು ಕೊಲ್ಲಿಸುತ್ತಾನೆ. ಇಲ್ಲಿ ಪೌರುಷದ ಮಾತಿಲ್ಲ, ನಿಷ್ಠೆಯ ವೈಭವವಿಲ್ಲ. ಮನೆಯವರು ಒತ್ತೆಯಲ್ಲಿರುವ ಮನುಷ್ಯನೊಬ್ಬ ಮಳೆಯಲ್ಲಿ ನಿಂತಿದ್ದಾನೆ, ಅವನನ್ನು ದಾಟದೆ ನಮಗೆ ದಾರಿಯಿಲ್ಲ.

ಕಾಮ್ಯೂನ ಕಥೆಯಲ್ಲಿ ಕೊಲ್ಲುವ ಕೆಲಸ ಆಟದ ಸಾಮಾನ್ಯ ಓಟದಲ್ಲೇ ನಡೆದುಹೋಗುತ್ತದೆ. ಇತರ ಶತ್ರುಗಳಂತೆ ಅವನೂ ಒಂದು ಚೌಕದ ಮೇಲಿನ ಕಾಯಿ. ಆ ಕೆಲಸವನ್ನು ಓಟದಿಂದ ಹೊರತೆಗೆದು ಆಟಗಾರನ ಕಣ್ಣ ಮುಂದೆ ಹಿಡಿದದ್ದು 2004ರ 'ಮೆಟಲ್ ಗೇರ್ ಸಾಲಿಡ್ 3'. ಹಿದೇಯೊ ಕೊಜಿಮಾ ನಿರ್ದೇಶಿಸಿದ ಈ ಗೇಮ್ ನಡೆಯುವುದು 1964ರಲ್ಲಿ, ಶೀತಲ ಸಮರದ ನಡುವೆ. ಅಮೆರಿಕದ ಗೂಢಚಾರ ಸ್ನೇಕ್‌ಗೆ ಒಂದು ಆಜ್ಞೆ: ಸೋವಿಯತ್ ಪಕ್ಷಕ್ಕೆ ಹಾರಿದ ತನ್ನ ಗುರು, 'ದ ಬಾಸ್' ಎಂದೇ ಹೆಸರಾದ ಮಹಿಳೆಯನ್ನು ಕೊಲ್ಲಬೇಕು. ಅವನಿಗೆ ವಿದ್ಯೆಯನ್ನೆಲ್ಲ ಕಲಿಸಿದವಳು ಅವಳೇ. ಶತ್ರು ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುವ ಸಂಗತಿ, ಇಂದಿನ ಶತ್ರು ನಾಳೆ ಮಿತ್ರನಾಗಬಹುದು ಎಂದು ಅವನಿಗೆ ಹೇಳಿಕೊಡುವವಳೂ ಅವಳೇ. ಕೊನೆಯ ಕಾಳಗ ಬಿಳಿ ಹೂವುಗಳ ಬಯಲಿನಲ್ಲಿ, ಹತ್ತು ನಿಮಿಷದ ಗಡುವಿನೊಳಗೆ. ಅವಳು ಬಿದ್ದ ಮೇಲೆ ಸಿನಿಮಾದಂಥ ದೃಶ್ಯ ಶುರುವಾಗುತ್ತದೆ: ಸ್ನೇಕ್ ಪಿಸ್ತೂಲನ್ನು ಅವಳತ್ತ ಹಿಡಿದು ನಿಲ್ಲುತ್ತಾನೆ. ಮತ್ತೇನೂ ಆಗುವುದಿಲ್ಲ.

ನೋಡುತ್ತಿರುವವನಿಗೆ ಅದು ಹೊಳೆಯಲು ಸ್ವಲ್ಪ ಹೊತ್ತು ಬೇಕು. ಇಷ್ಟೊತ್ತೂ ಇಂಥ ದೃಶ್ಯಗಳು ಬಂದಾಗ ಕೈಯಲ್ಲಿದ್ದ ಯಂತ್ರವನ್ನು ಕೆಳಗಿಟ್ಟು ಕೂತಿದ್ದೆವು. ಈ ಸಲ ಗೇಮ್ ನಮಗಾಗಿ ಕಾಯುತ್ತಿದೆ. ಗುಂಡು ಹಾರಿಸುವ ಗುಂಡಿಯನ್ನು ನಾವೇ ಒತ್ತಬೇಕು. ಒತ್ತಿದ ಮೇಲೆ ಕಥೆ ಮುಗಿಯುತ್ತ ಬಂದಾಗ ತಿಳಿಯುತ್ತದೆ, ಅವಳು ಪಕ್ಷ ಬಿಟ್ಟವಳೇ ಅಲ್ಲ. ಪಕ್ಷಾಂತರದ ನಾಟಕವೂ ಅಮೆರಿಕ ಅವಳಿಗೆ ಒಪ್ಪಿಸಿದ ಕೆಲಸ. ನಡುವೆ ವೋಲ್ಗಿನ್ ಎಂಬ ಸೋವಿಯತ್ ಅಧಿಕಾರಿ ಅವಳು ತಂದ ಅಣುಬಾಂಬನ್ನು ಸಿಡಿಸಿದ್ದರಿಂದ, ಅಮೆರಿಕ ತನ್ನ ಕೈ ತೊಳೆದುಕೊಳ್ಳಲು ಅವಳು ದ್ರೋಹಿಯಾಗಿಯೇ, ಅದೂ ಶಿಷ್ಯನ ಕೈಯಲ್ಲೇ ಸಾಯಬೇಕಾಯಿತು. ಅವಳದನ್ನು ಒಪ್ಪಿಕೊಂಡಳು. ಸ್ನೇಕ್‌ಗೆ ರಾಷ್ಟ್ರಾಧ್ಯಕ್ಷರಿಂದ ಬಿರುದು ಸಿಗುತ್ತದೆ.

ಇಲ್ಲಿ ನಾವು ಮೊದಲು ಕೇಳಿದ ಎರಡನೆಯ ಪ್ರಶ್ನೆ, ಯಾರಿಗಾಗಿ ಎಂಬುದು, ನಮ್ಮ ಕಡೆಗೇ ತಿರುಗುತ್ತದೆ. ಅವಳು ಯಾರಿಗಾಗಿ ಹೋರಾಡಿದಳೆಂದು ಕೊನೆಗೆ ಗೊತ್ತಾಯಿತು. ನಾವು ಯಾರಿಗಾಗಿ ಗುಂಡಿ ಒತ್ತಿದೆವು? ಆಜ್ಞೆ ಇತ್ತು, ಗೇಮ್ ಮುಂದೆ ಹೋಗಬೇಕಿತ್ತು. ಲಿಯೋನ ಬಳಿಯೂ ಇದಕ್ಕಿಂತ ಹೆಚ್ಚಿನ ಕಾರಣವಿರಲಿಲ್ಲ. ಕೆಲವರು ಇದನ್ನು ಅಗ್ಗದ ತಂತ್ರ ಎನ್ನುತ್ತಾರೆ: ಒತ್ತದೆ ಬೇರೆ ದಾರಿಯೇ ಇಲ್ಲದಿರುವಾಗ ಪಾಪಪ್ರಜ್ಞೆ ಎಲ್ಲಿಂದ ಬರಬೇಕು? ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ಸ್ನೇಕ್‌ಗೂ ಬೇರೆ ದಾರಿ ಇರಲಿಲ್ಲ, ಅವಳಿಗೂ ಇರಲಿಲ್ಲ. ದಾರಿಯಿಲ್ಲದ ಸ್ಥಿತಿಯನ್ನು ವಿವರಿಸುವ ಬದಲು ಬೆರಳಿಗೆ ಮುಟ್ಟಿಸಿದ್ದೇ ಆ ದೃಶ್ಯದ ಗೆಲುವು ಎಂದು ನನ್ನ ಮತ.

ದಾರಿ ಕೊಟ್ಟ ಗೇಮ್ ಯಾವುದಾದರೂ ಇದೆಯೇ ಎಂದರೆ, ಇದೆ. ಕೊನಾಮಿ ಕಂಪನಿಯ 1998ರ 'ಸುಯಿಕೊಡೆನ್ 2'. ಇದರ ಕಥೆ ಬರೆದ ಯೋಶಿತಾಕಾ ಮುರಾಯಾಮಾ 2024ರಲ್ಲಿ ತೀರಿಕೊಂಡರು. ಮರುವರ್ಷವೇ ಗೇಮಿನ ಹೊಸ ಆವೃತ್ತಿ ಬಂದು, ಹಳೆಯ ಪ್ಲೇಸ್ಟೇಷನ್ ಇಲ್ಲದವರಿಗೂ ಅದು ಸುಲಭವಾಗಿ ಸಿಗುವಂತಾಯಿತು. ಮರ್ಯಾದಸ್ಥ ಎದುರಾಳಿಯ ಬಗ್ಗೆ ಒಂದೇ ಒಂದು ಗೇಮ್ ಆಡಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ, ಎದುರಾಳಿ ಅಷ್ಟೇನೂ ಮರ್ಯಾದಸ್ಥನಲ್ಲ ಎಂಬ ಕಾರಣಕ್ಕೇ.

ರಿಯೂ ಮತ್ತು ಜೋವಿ ಬಾಲ್ಯದ ಗೆಳೆಯರು. ಹೈಲ್ಯಾಂಡ್ ರಾಜ್ಯದ ಬಾಲದಳದಲ್ಲಿದ್ದಾರೆ, ಮರುದಿನ ಮನೆಗೆ ಹೊರಡಬೇಕು. ಆ ರಾತ್ರಿ ಅವರ ಶಿಬಿರದ ಮೇಲೆ ದಾಳಿಯಾಗುತ್ತದೆ. ದಾಳಿ ಮಾಡಿದವರು ಹೈಲ್ಯಾಂಡಿನವರೇ. ನೆರೆಯ ನಗರರಾಜ್ಯಗಳ ಜೊತೆಗಿನ ಶಾಂತಿ ಒಪ್ಪಂದ ಮುರಿಯಲು ನೆಪ ಬೇಕೆಂದು ರಾಜಕುಮಾರ ಲೂಕಾ ಬ್ಲೈಟ್ ತನ್ನ ಹುಡುಗರನ್ನೇ ಕೊಲ್ಲಿಸಿದ್ದಾನೆ. ಗೆಳೆಯರಿಬ್ಬರೂ ಓಡಿ ಟೆನ್ಜಾನ್ ಕಣಿವೆಯ ಬಂಡೆಯ ಅಂಚಿಗೆ ಬರುತ್ತಾರೆ. ಕೆಳಗೆ ಹೊಳೆ. ಬೇರೆಯಾದರೆ ಮತ್ತೆ ಇಲ್ಲಿಗೇ ಬರೋಣ ಎಂದು ಬಂಡೆಯ ಮೇಲೆ ಗುರುತು ಕೊರೆದು ಧುಮುಕುತ್ತಾರೆ.

ಬೇರೆಯಾಗುತ್ತಾರೆ ಕೂಡ. ರಿಯೂ ನಗರರಾಜ್ಯಗಳ ಪಕ್ಷಕ್ಕೆ ಸೇರಿ ಅದರ ನಾಯಕನಾಗುತ್ತಾನೆ. ಜೋವಿ ಹೈಲ್ಯಾಂಡಿಗೆ ಮರಳಿ ಮೆಟ್ಟಿಲು ಹತ್ತತೊಡಗುತ್ತಾನೆ. ಒಂದೊಂದು ಮೆಟ್ಟಿಲಿನಲ್ಲೂ ರಕ್ತವಿದೆ. ಅವರಿಬ್ಬರಿಗೂ ಆಶ್ರಯ ಕೊಟ್ಟ ಮ್ಯೂಸ್ ನಗರದ ಮುಖ್ಯಸ್ಥೆ ಅನಬೆಲ್‌ಳನ್ನು ಕೊಂದವನು ಜೋವಿ. ಲೂಕಾನ ವಿಶ್ವಾಸ ಗಳಿಸಿ, ಅವನ ತಂಗಿ ಜಿಲಿಯಾಳನ್ನು ಮದುವೆಯಾಗುವ ಒಪ್ಪಂದ ಮಾಡಿಕೊಂಡು, ತನ್ನ ರಕ್ತದಲ್ಲೇ ವಿಷ ತುಂಬಿಕೊಂಡು ಹೋಗಿ ಪ್ರಮಾಣವಚನದ ಸಮಾರಂಭದಲ್ಲಿ ಮುದಿ ದೊರೆಯನ್ನು ಕೊಲ್ಲುತ್ತಾನೆ. ಲೂಕಾ ಪಟ್ಟಕ್ಕೆ ಬಂದ ಮೇಲೆ ಅವನ ರಾತ್ರಿದಾಳಿಯ ಸುದ್ದಿ ಶತ್ರುಪಾಳಯಕ್ಕೆ ಮುಟ್ಟುವಂತೆ ನೋಡಿಕೊಂಡು ಅವನನ್ನೂ ಮುಗಿಸುತ್ತಾನೆ. ನಂತರ ತಾನೇ ದೊರೆ. ಗೆಳೆಯನನ್ನು ಸಂಧಾನಕ್ಕೆಂದು ಕರೆದು ಸುತ್ತ ಬಿಲ್ಲುಗಾರರನ್ನು ನಿಲ್ಲಿಸುತ್ತಾನೆ.

ಇವನನ್ನು ಮರ್ಯಾದಸ್ಥ ಎನ್ನುವುದು ಹೇಗೆ? ಅವನ ಗುರಿ ನೋಡಿ. ಯುದ್ಧ ಬೇಗ ಮುಗಿಯಬೇಕು, ಊರು ಸುಡುವುದು ನಿಲ್ಲಬೇಕು. ನಗರರಾಜ್ಯಗಳು ತಮ್ಮತಮ್ಮಲ್ಲೇ ಕಚ್ಚಾಡುತ್ತವೆ, ಆದ್ದರಿಂದ ಒಂದೇ ಬಲವಾದ ರಾಜ್ಯದ ಕೆಳಗೆ ಎಲ್ಲವೂ ಬರಬೇಕು. ಲೂಕಾ ಸುಟ್ಟ ಟೋಟೊ ಹಳ್ಳಿಯಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಮುಂದೆ ಅವನ ಕ್ರೌರ್ಯವನ್ನು ಕಣ್ಣಾರೆ ಕಂಡು ಮಾತೇ ನಿಂತುಹೋದ ಪಿಲಿಕಾ ಎಂಬ ಪುಟ್ಟ ಹುಡುಗಿ ಜೋವಿಯ ಎಲ್ಲ ಲೆಕ್ಕಾಚಾರದ ಹಿಂದಿದ್ದಾಳೆ. ಆ ಸಂಧಾನದ ಸಭೆಗೆ ರಿಯೂನ ಸಂಗಾತಿ ವಿಕ್ಟರ್ ಅವಳನ್ನು ಕರೆತಂದು ನಿಲ್ಲಿಸಿದಾಗ ಜೋವಿಗೆ ಬಾಣ ಬಿಡಿಸಲು ಆಗುವುದಿಲ್ಲ. ಕಾಮ್ಯೂ ಮತ್ತು ಲಿಯೋ ತಮ್ಮ ಕೈ ಶುದ್ಧವಾಗಿಟ್ಟುಕೊಂಡು ಕೆಟ್ಟ ಪಕ್ಷಕ್ಕೆ ದುಡಿದರು. ಜೋವಿ ಕೈ ಕೊಳೆ ಮಾಡಿಕೊಂಡು ಕೆಟ್ಟ ಪಕ್ಷವನ್ನು ಒಳಗಿನಿಂದ ಬಗ್ಗಿಸಲು ಹೋದ. ಲೂಕಾ ಎಂಬ ರಾಕ್ಷಸ ಸತ್ತದ್ದರಲ್ಲಿ ಅವನ ಪಾಲು ದೊಡ್ಡದು. ಅನಬೆಲ್‌ಳ ಕೊಲೆಯನ್ನು ಇದರಿಂದ ಕಳೆಯಬಹುದೇ? ಗೇಮ್ ಕಳೆಯುವುದಿಲ್ಲ. ಅವಳ ಪರವಾಗಿ ನಾವು ಹೋರಾಡುತ್ತಲೇ ಇರುತ್ತೇವೆ, ಅವನನ್ನು ಕಾಣಲು ಹಂಬಲಿಸುತ್ತಲೂ ಇರುತ್ತೇವೆ.

ಹೈಲ್ಯಾಂಡ್ ಬಿದ್ದ ಮೇಲೆ ರಿಯೂ ಟೆನ್ಜಾನ್‌ಗೆ ಹೋಗಬಹುದು. ಗುರುತು ಕೊರೆದ ಬಂಡೆಯ ಬಳಿ ಜೋವಿ ಕಾಯುತ್ತಿರುತ್ತಾನೆ, ದ್ವಂದ್ವಕ್ಕೆ ಕರೆಯುತ್ತಾನೆ. ಈ ಸರಣಿಯ ದ್ವಂದ್ವದಲ್ಲಿ ಮೂರೇ ಆಯ್ಕೆ: ಹೊಡೆ, ಮುನ್ನುಗ್ಗಿ ಹೊಡೆ, ತಡೆ. ಕಲ್ಲು, ಕಾಗದ, ಕತ್ತರಿಯಂತೆ ಒಂದು ಇನ್ನೊಂದನ್ನು ಸೋಲಿಸುತ್ತದೆ. ಎದುರಾಳಿಯ ಮಾತು ಕೇಳಿ ಅವನು ಏನು ಮಾಡಲಿದ್ದಾನೆಂದು ಊಹಿಸಬೇಕು. ಅಷ್ಟು ಹೊತ್ತಿಗೆ ಆಟಗಾರ ಹಲವು ದ್ವಂದ್ವ ಗೆದ್ದು ಪಳಗಿರುತ್ತಾನೆ. ಆದರೆ ಇಲ್ಲಿ ಗೆಲ್ಲುವುದು ಸರಿಯಾದ ಉತ್ತರವಲ್ಲ. ತಿರುಗಿ ಹೊಡೆಯದೆ ಪ್ರತಿ ಸುತ್ತಿನಲ್ಲೂ ತಡೆಯುತ್ತಲೇ ಹೋಗಬೇಕು, ಕೊನೆಗೆ ಅವನು ನನ್ನನ್ನು ಮುಗಿಸು ಎಂದಾಗ ಒಲ್ಲೆ ಎನ್ನಬೇಕು. ಗೇಮ್ ಇದನ್ನು ಹೇಳಿಕೊಡುವುದಿಲ್ಲ. ಕಥೆಯುದ್ದಕ್ಕೂ ಕೂಡಿಸಬೇಕಾದ 108 ಸಂಗಾತಿಗಳನ್ನೂ ಸಮಯಕ್ಕೆ ಸರಿಯಾಗಿ ಕೂಡಿಸಿದ್ದರೆ ಮಾತ್ರ ಇಬ್ಬರೂ ಬದುಕಿ, ಸಿಂಹಾಸನವನ್ನೂ ಯುದ್ಧವನ್ನೂ ಬಿಟ್ಟು ಹೊರಡುವ ಅಂತ್ಯ ಸಿಗುತ್ತದೆ.

ಕ್ಷಮೆ ಎಂಬುದನ್ನು ಮಾತಿನಲ್ಲಿ ಹೇಳುವ ಗೇಮ್‌ಗಳು ಬೇಕಾದಷ್ಟಿವೆ. ಇದು ಅದನ್ನು ತಡೆಯುವ ಗುಂಡಿಯಲ್ಲಿ ಇಟ್ಟಿದೆ. ಜೋವಿ ಮಾಡಿದ್ದು ಸರಿಯೇ ತಪ್ಪೇ ಎಂದು ಗೇಮ್ ತೀರ್ಪು ಕೊಡುವುದಿಲ್ಲ. ಅವನನ್ನು ಕೊಲ್ಲುವ ಹಕ್ಕು ನಿನಗಿದೆಯೇ ಎಂಬ ಬೇರೆಯೇ ಪ್ರಶ್ನೆಯನ್ನು ಕೇಳುತ್ತದೆ. ಅನಬೆಲ್‌ಳ ಊರಿನವರನ್ನು ಕೇಳಿದ್ದರೆ ಅವರ ಉತ್ತರ ಬೇರೆಯಿರುತ್ತಿತ್ತು ಎಂಬ ಅನುಮಾನ ನನಗೆ ಹೋಗಿಲ್ಲ. ಅವರನ್ನು ಯಾರೂ ಕೇಳುವುದಿಲ್ಲ. ಈ ಪ್ರಕಾರದ ಎಲ್ಲ ಕಥೆಗಳಲ್ಲೂ ಇರುವ ಕೊರತೆಯಿದು: ನಾಯಕನ ಮತ್ತು ಎದುರಾಳಿಯ ನಡುವಿನ ಗೌರವ ಅವರಿಬ್ಬರ ಖಾಸಗಿ ಸೊತ್ತು, ಸತ್ತವರಿಗೆ ಅದರಲ್ಲಿ ಪಾಲಿಲ್ಲ.

ವಿಷದ ಮಾತು ಬಂದಾಗ 2020ರ 'ಘೋಸ್ಟ್ ಆಫ್ ಸುಶಿಮಾ'ವನ್ನು ಬಿಡುವಂತಿಲ್ಲ. ಅಮೆರಿಕದ ಸಕರ್ ಪಂಚ್ ಸಂಸ್ಥೆ ಕಟ್ಟಿದ ಈ ಗೇಮಿನ ಹಿನ್ನೆಲೆ 1274ರಲ್ಲಿ ಜಪಾನಿನ ಸುಶಿಮಾ ದ್ವೀಪದ ಮೇಲೆ ನಿಜವಾಗಿಯೂ ನಡೆದ ಮಂಗೋಲರ ದಾಳಿ. ಪಾತ್ರಗಳು ಕಲ್ಪಿತ. ನಾಯಕ ಜಿನ್ ಸಕಾಯಿ. ಅವನನ್ನು ಸಾಕಿದ ಮಾವ ಶಿಮುರಾ ದ್ವೀಪದ ಒಡೆಯ, ಸಮುರಾಯ್ ಮರ್ಯಾದೆಯ ಕಟ್ಟಾ ಅನುಯಾಯಿ. ತನ್ನ ಕೋಟೆಯನ್ನು ಮರಳಿ ಪಡೆಯಲು ಶಿಮುರಾ ಸೇತುವೆಯ ಮೇಲೆ ನೇರ ನುಗ್ಗುತ್ತಾನೆ. ಮಂಗೋಲರು ಸೇತುವೆಯನ್ನೇ ಸಿಡಿಸುತ್ತಾರೆ, ಸೈನಿಕರು ರಾಶಿರಾಶಿಯಾಗಿ ಸಾಯುತ್ತಾರೆ. ಮತ್ತೆ ನುಗ್ಗೋಣ ಎಂದು ಮಾವ ಹೇಳುವಾಗ ಜಿನ್ ರಾತ್ರಿ ಒಬ್ಬನೇ ಒಳಹೊಕ್ಕು ಮಂಗೋಲರು ಕುಡಿಯುವ ಕುದುರೆ ಹಾಲಿನ ಮದ್ಯಕ್ಕೆ ವಿಷ ಬೆರೆಸುತ್ತಾನೆ. ಕೋಟೆ ಸಿಗುತ್ತದೆ. ಡೋಮಾದಲ್ಲಿ ಯಾವ ಕೆಲಸಕ್ಕೆ ಕೆಫ್ಕಾನನ್ನು ಶಪಿಸಿದೆವೋ ಅದೇ ಕೆಲಸವನ್ನು ಇಲ್ಲಿ ನಾವೇ ಮಾಡುತ್ತೇವೆ, ಮಾಡಿ ಗೆದ್ದೆವೆಂದುಕೊಳ್ಳುತ್ತೇವೆ.

ಮಾವನಿಗೆ ಅದು ಅಸಹ್ಯ. ಮಾವನ ಅಸಹ್ಯದ ಬೆಲೆ ಸೇತುವೆಯ ಮೇಲೆ ಸತ್ತವರ ಲೆಕ್ಕದಲ್ಲಿದೆ ಎಂದು ಆಟಗಾರ ಗೊಣಗುತ್ತಾನೆ. ಅಲ್ಲಿಗೆ ಮುಗಿದಿದ್ದರೆ ಇದು ಹಳೆಯ ಮರ್ಯಾದೆಯನ್ನು ಗೇಲಿ ಮಾಡುವ ಸುಲಭದ ಕಥೆಯಾಗುತ್ತಿತ್ತು. ಆದರೆ ಮಂಗೋಲರು ಜಿನ್‌ನ ವಿಷವನ್ನು ತಾವೂ ತಯಾರಿಸಲು ಕಲಿಯುತ್ತಾರೆ, ದ್ವೀಪದ ಜನರ ಮೇಲೆಯೇ ಬಳಸುತ್ತಾರೆ. ಶಿಮುರಾನ ನಿಯಮಗಳು ಮೂರ್ಖತನದವಾಗಿ ಕಂಡಿದ್ದವು. ಕೆಲವು ಬಾಗಿಲುಗಳನ್ನು ತೆರೆಯಬಾರದು ಎಂಬ ಹಳೆಯ ಎಚ್ಚರಿಕೆಯೂ ಅವುಗಳಲ್ಲಿತ್ತು. ಕೊನೆಗೆ ಜಪಾನನ್ನು ಆಳುವ ಮಹಾಸೇನಾಧಿಪತಿ ಶೋಗುನ್ ಜಿನ್‌ನ ತಲೆ ತರಲು ಮಾವನನ್ನೇ ನೇಮಿಸುತ್ತಾನೆ. ಮಾವ ಸೋಲುತ್ತಾನೆ, ಯೋಧನ ಸಾವು ಕೊಡು ಎಂದು ಬೇಡುತ್ತಾನೆ. ಕೊಲ್ಲುವುದೋ ಬಿಡುವುದೋ, ಆಯ್ಕೆ ನಮ್ಮದು. ಕೊಂದರೆ ಅವನ ಮರ್ಯಾದೆ ಉಳಿಯುತ್ತದೆ. ಬಿಟ್ಟರೆ ಅವನು ಬದುಕುತ್ತಾನೆ, ಕೆಲಸದಲ್ಲಿ ಸೋತವನಾಗಿ, ಅವನ ಪಾಲಿಗೆ ಸಾವಿಗಿಂತ ಕೆಟ್ಟದಾಗಿ. ಇಂದಿನ ಆಟಗಾರನ ಕರುಣೆ ಅವನಿಗೆ ಕ್ರೌರ್ಯ. ಎದುರಾಳಿಯನ್ನು ಗೌರವಿಸುವುದೆಂದರೆ ಅವನ ಮೌಲ್ಯಗಳನ್ನು ಗೌರವಿಸುವುದೋ ಅವನ ಜೀವವನ್ನು ಗೌರವಿಸುವುದೋ ಎಂಬ ಕಗ್ಗಂಟನ್ನು ನಾನು ಬೇರೆ ಯಾವ ಗೇಮಿನಲ್ಲೂ ಇಷ್ಟು ಸರಳವಾಗಿ ಕಂಡಿಲ್ಲ.

ಇಲ್ಲಿಯವರೆಗಿನ ಎಲ್ಲರೂ ಕಥೆಗಾರ ಕಡೆದಿಟ್ಟ ವಿಗ್ರಹಗಳು. ನಾವು ಏನು ಮಾಡಿದರೂ ಅವರ ಗುಣ ಬದಲಾಗುವುದಿಲ್ಲ. 2015ರಲ್ಲಿ ಟೋಬಿ ಫಾಕ್ಸ್ ಬಹುಪಾಲು ಒಬ್ಬರೇ ಕಟ್ಟಿದ 'ಅಂಡರ್‌ಟೇಲ್' ಇದನ್ನೂ ಅಲುಗಾಡಿಸಿತು. ಭೂಮಿಯೊಳಗೆ ಕೂಡಿಹಾಕಲ್ಪಟ್ಟ ರಾಕ್ಷಸರ ಕಾವಲುಪಡೆಯ ನಾಯಕಿ ಅಂಡೈನ್. ಅವರ ಸೆರೆಯ ಗೋಡೆ ಒಡೆಯಲು ಏಳು ಮನುಷ್ಯರ ಆತ್ಮಗಳು ಬೇಕು, ಆರು ಸಿಕ್ಕಿವೆ. ಏಳನೆಯದು ನೀವು, ಒಂದು ಮಗು. ಅವಳ ಕಡೆಯಿಂದ ನೋಡಿದರೆ ಒಂದು ಜೀವಕ್ಕೆ ಇಡೀ ಕುಲದ ಬಿಡುಗಡೆ. ಆದರೂ ಕಾಳಗದಲ್ಲಿ ನಿಮ್ಮ ಕೈಗೂ ತಡೆಯಲು ಒಂದು ಈಟಿ ಕೊಡುತ್ತಾಳೆ. ನೀವು ಕಾದದೆ ಓಡಿದರೆ ಬೆನ್ನಟ್ಟಿ ಬಂದು, ಬಿಸಿಲ ನಾಡಿನಲ್ಲಿ ಉಕ್ಕಿನ ಕವಚದೊಳಗೆ ಬೆಂದು ಕುಸಿಯುತ್ತಾಳೆ. ಹತ್ತಿರದಲ್ಲೇ ನೀರಿನ ಯಂತ್ರವಿದೆ. ಒಂದು ಲೋಟ ನೀರು ತಂದು ಸುರಿದರೆ ಅವಳು ಎದ್ದು ನಿಮ್ಮನ್ನೊಮ್ಮೆ ನೋಡಿ ಹೊರಟುಹೋಗುತ್ತಾಳೆ. ಮುಂದೆ ಗೆಳತಿಯೂ ಆಗಬಹುದು.

ಅದೇ ಗೇಮನ್ನು ಸಿಕ್ಕವರನ್ನೆಲ್ಲ ಕೊಲ್ಲುತ್ತ ಆಡಿ. ಆಗಲೂ ಅಂಡೈನ್ ಎದುರಿಗೆ ಬರುತ್ತಾಳೆ, ಮೊದಲಿಗಿಂತ ಎಷ್ಟೋ ಪಟ್ಟು ಬಲಶಾಲಿಯಾಗಿ. ಒಂದು ಚಿಕ್ಕ ರಾಕ್ಷಸ ಮಗುವಿಗೆ ಬೀಳಬೇಕಿದ್ದ ಏಟಿಗೆ ಅಡ್ಡ ಬಂದು, ಸಾಯುವ ಗಾಯವಾದರೂ ಸಾಯದೆ ಎದ್ದು ನಿಲ್ಲುತ್ತಾಳೆ. ತನ್ನವರಿಗಾಗಿ ಮಾತ್ರವಲ್ಲ, ಮೇಲಿನ ಮನುಷ್ಯರಿಗಾಗಿಯೂ ನಿನ್ನನ್ನು ತಡೆಯುತ್ತೇನೆ ಎನ್ನುತ್ತಾಳೆ. ಪಾತ್ರ ಒಂದೇ, ಈಟಿ ಒಂದೇ. ಬದಲಾದವರು ನೀವು. ಆ ದಾರಿಯಲ್ಲಿ ಕೊನೆಯವರೆಗೂ ಹೋದವರು ಗೇಮನ್ನು ಮತ್ತೆ ಮೊದಲಿನಿಂದ ಶುರುಮಾಡಿ, ಯಾರನ್ನೂ ಕೊಲ್ಲದೆ, ಎಲ್ಲರ ಸ್ನೇಹ ಗಳಿಸಿ ಮುಗಿಸಿದರೂ, ಗೇಮ್ ಹಿಂದಿನದನ್ನು ನೆನಪಿಟ್ಟುಕೊಂಡಿರುತ್ತದೆ ಮತ್ತು ಆ ಸುಖಾಂತ್ಯವನ್ನು ಕೊನೆಯ ಗಳಿಗೆಯಲ್ಲಿ ಕೆಡಿಸುತ್ತದೆ.